‘ಶೋಲೆ’ಯ ರಹೀಂ ಚಾಚಾ ಪಾತ್ರ ಮಾಡಿದ ಎ.ಕೆ. ಹಂಗಲ್ ಯಾರು? ಅವರ ಬೇರೆ ಪಾತ್ರಗಳು ಯಾವುವು?

ನೀವು ಕೇಳಿರುವುದು ಮೂರು ಸಂಗತಿ: ‘ಶೋಲೆ’ ಹಿಂದಿ ಚಿತ್ರದಲ್ಲಿ ರಹೀಂ ಚಾಚಾ ಎಂಬ ಕುರುಡ ಇಮಾಮ್ ಸಾಹೇಬರ ಪಾತ್ರ ಮಾಡಿದ ಎ.ಕೆ. ಹಂಗಲ್ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ಲಿನವರೇ, ‘ಇತನಾ ಸನ್ನಾಟಾ ಕ್ಯೂಂ ಹೈ ಭಾಯಿ’ (ಇಷ್ಟೊಂದು ಮೌನ ಏಕಪ್ಪಾ) ಎಂಬ ಒಂದು ಮಾತಿನಾಚೆ ಅವರ ಸಾಧನೆ ಏನು, ಮತ್ತು ಅವರನ್ನು ಅರಿಯಲು ಮೊದಲು ಯಾವ ಚಿತ್ರ ನೋಡಬೇಕು. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಅವತಾರ್ ಕಿಶನ್ ಹಂಗಲ್ ಕಾಶ್ಮೀರಿ ಪಂಡಿತ ಮನೆತನದವರು. 1914ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ ಹುಟ್ಟಿ ಪೇಶಾವರದಲ್ಲಿ ಬೆಳೆದವರು. ಗಾಯಕಿ ಗಂಗೂಬಾಯಿಯವರ ಹೆಸರಿನಲ್ಲಿರುವ ಹಾನಗಲ್ಲಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಕರ್ನಾಟಕದೊಡನೆ ಅವರಿಗೆ ನಂಟು ಬಂದದ್ದು ಬೇರೆ ಎರಡು ದಾರಿಗಳಿಂದ. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಪ್ರಶ್ನೆಗೆ ನಾನು ತುಸು ವಿವರವಾಗಿಯೇ ಉತ್ತರಿಸಬೇಕು. ಹವ್ಯಾಸಿ ನಾಟಕಗಳಲ್ಲಿ ವಯಸ್ಸಾದವರ ಪಾತ್ರಗಳನ್ನೇ ಹೆಚ್ಚಾಗಿ ಮಾಡುವ ನನಗೆ, ಹಂಗಲ್ ಅವರನ್ನು ನೋಡಿ ಕಲಿತದ್ದು ಯಾವ ಶಿಬಿರದಲ್ಲೂ ಸಿಕ್ಕಿಲ್ಲ. ಹಿಂದಿ ಚಿತ್ರರಂಗದಲ್ಲಿ ಅವರಷ್ಟು ತಡವಾಗಿ ಆರಂಭಿಸಿ ಅಷ್ಟು ದೀರ್ಘಕಾಲ ಉಳಿದ ಪೋಷಕ ನಟರು ವಿರಳ. ಅವರ ಮೊದಲ ಚಿತ್ರ ‘ತೀಸ್ರೀ ಕಸಮ್’ ಬಿಡುಗಡೆಯಾದದ್ದು 1966ರಲ್ಲಿ. ಆಗ ಅವರಿಗೆ ಐವತ್ತೆರಡು ವರ್ಷ. ಉಳಿದವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಅಲ್ಲಿಗೆ ಬರುವ ಮೊದಲು ಅವರು ಒಂದು ಇಡೀ ಬದುಕನ್ನು ಬದುಕಿ ಮುಗಿಸಿದ್ದರು, ಮತ್ತು ತೆರೆಯ ಮೇಲೆ ನಾವು ಕಂಡ ಮುದುಕರೆಲ್ಲ ಆ ಬದುಕಿನಿಂದಲೇ ಬಂದವರು ಎಂಬುದು ನನ್ನ ಖಚಿತ ಅಭಿಪ್ರಾಯ.

ವೃತ್ತಿಯಿಂದ ಅವರು ದರ್ಜಿ. ಪೇಶಾವರದಲ್ಲಿದ್ದಾಗಲೇ ನಾಟಕದ ಗೀಳು ಹತ್ತಿಸಿಕೊಂಡು, ಸ್ವಾತಂತ್ರ್ಯ ಹೋರಾಟದಲ್ಲೂ ತೊಡಗಿಕೊಂಡು, ಮುಂದೆ ಕರಾಚಿಗೆ ಹೋಗಿ ನೆಲೆಸಿ, ಬಟ್ಟೆ ಹೊಲಿಯುವ ಕೆಲಸದ ಜೊತೆಗೆ ಕಮ್ಯುನಿಸ್ಟ್ ಪಕ್ಷದ ಮತ್ತು ಕಾರ್ಮಿಕ ಸಂಘಟನೆಯ ಕೆಲಸವನ್ನೂ ಹೆಗಲಿಗೇರಿಸಿಕೊಂಡರು. ಅದಕ್ಕಾಗಿ ಸೆರೆಮನೆ ಸೇರಬೇಕಾಯಿತು. ದೇಶ ಎರಡಾಗಿ, ಊರೇ ಪರದೇಶವಾದ ಮೇಲೆ, 1949ರಲ್ಲಿ ಅವರು ಮುಂಬೈಗೆ ಬಂದಿಳಿದರು. ಬಂದವರು ಮತ್ತೆ ಹಿಡಿದದ್ದು ಕತ್ತರಿ ಮತ್ತು ಟೇಪನ್ನೇ. ಸಂಜೆಯ ಹೊತ್ತು ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾ. ನಟ ಬಲರಾಜ್ ಸಾಹ್ನಿ, ಕವಿ ಕೈಫಿ ಆಜ್ಮಿ ಅಲ್ಲಿನ ಒಡನಾಡಿಗಳು. ಹೀಗೆ ಹಗಲು ಗಿರಾಕಿಗಳ ಅಳತೆ ತೆಗೆಯುತ್ತ, ಸಂಜೆ ತಾಲೀಮು ನಡೆಸುತ್ತ ಅವರು ಕಳೆದ ವರ್ಷಗಳನ್ನು ಅವರ ಪರಿಚಯ ಬರೆಯುವವರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಎದುರು ನಿಂತವನ ಮೈಕಟ್ಟು, ಬಾಗಿದ ಭುಜ, ನಿಲ್ಲುವ ಠೀವಿ ಇವನ್ನೆಲ್ಲ ದಿನವಿಡೀ ನೋಡುವ ಕಸುಬು ನಟನಿಗೆ ಎಷ್ಟು ದೊಡ್ಡ ಪಾಠಶಾಲೆ ಎಂಬುದನ್ನು ಯೋಚಿಸಿದರೆ, ಆ ವರ್ಷಗಳನ್ನು ದಾಟಿಹೋಗಲು ನನಗೆ ಮನಸ್ಸು ಬರುವುದಿಲ್ಲ.

‘ತೀಸ್ರೀ ಕಸಮ್’ನಲ್ಲಿ ಅವರದು ನಾಯಕನ ಅಣ್ಣನ ಸಣ್ಣ ಪಾತ್ರ. 1971ರ ‘ಗುಡ್ಡಿ’ಯಲ್ಲಿ ಜಯಾ ಭಾದುರಿಯವರ ತಂದೆಯಾದ ಮೇಲೆ ಅವರಿಗೆ ಬಿಡುವಿಲ್ಲದಂತಾಯಿತು. ‘ಅಭಿಮಾನ್’ನಲ್ಲಿ ಮತ್ತೆ ಜಯಾ ಅವರ ತಂದೆ; ‘ಕೋರಾ ಕಾಗಜ್’ನಲ್ಲೂ ಅದೇ ಸಂಬಂಧ. ಹೀಗೆ ಒಳ್ಳೆಯ ಅಪ್ಪ, ಒಳ್ಳೆಯ ಕಾಕಾ, ಒಳ್ಳೆಯ ಮೇಷ್ಟ್ರು ಎಂಬ ಅಚ್ಚಿಗೆ ಅವರನ್ನು ಎರಕ ಹೊಯ್ದುಬಿಟ್ಟದ್ದು ಉದ್ಯಮದ ಸೋಮಾರಿತನ ಎಂದೇ ನನಗೆ ಅನಿಸುತ್ತದೆ. ಅಚ್ಚಿನಿಂದ ಹೊರಗೆ ಬಿಟ್ಟಾಗ ಅವರು ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿಗಳಿವೆ. ‘ಬಾವರ್ಚಿ’ಯಲ್ಲಿ ಅವರು ಸಂಸಾರದ ಜಂಜಾಟದಿಂದ ತಪ್ಪಿಸಿಕೊಳ್ಳಲು ಕದ್ದು ಕುಡಿಯುವ ಗುಮಾಸ್ತ. 1982ರ ‘ಶೌಕೀನ್’ನಲ್ಲಿ ಅಶೋಕ್ ಕುಮಾರ್ ಮತ್ತು ಉತ್ಪಲ್ ದತ್ ಅವರ ಜೊತೆ ಸೇರಿ ಹುಡುಗಿಯೊಬ್ಬಳ ಹಿಂದೆ ಬೀಳುವ ಮೂವರು ಮುದುಕರಲ್ಲಿ ಒಬ್ಬರು, ಇಬ್ಬರು ಘಟಾನುಘಟಿಗಳ ನಡುವೆ ಅವರ ಹಾಸ್ಯ ಎಲ್ಲಿಯೂ ಸಪ್ಪೆಯಾಗುವುದಿಲ್ಲ. ‘ನಮಕ್ ಹರಾಮ್’ನಲ್ಲಂತೂ ಅವರು ಕಾರ್ಖಾನೆಯ ಕಾರ್ಮಿಕ ಮುಖಂಡ ಬಿಪಿನ್‌ಲಾಲ್. ಆ ಪಾತ್ರದಲ್ಲಿ ಆವೇಶದ ಭಾಷಣಗಳ ನಿರೀಕ್ಷೆಯಿಟ್ಟು ಕೂತವರಿಗೆ ಕಾಣುವುದು ತಗ್ಗಿದ ದನಿಯ, ದಣಿದ, ಆದರೆ ಪಟ್ಟು ಬಿಡದ ಒಬ್ಬ ಮನುಷ್ಯ. ನಿಜವಾಗಿ ಸಂಘಟನೆ ಕಟ್ಟಿದವರು ಹಾಗೆಯೇ ಇರುತ್ತಾರೆ.

ನನ್ನ ಮಟ್ಟಿಗೆ ಅವರ ಕಲೆಯ ಸಾರವೆಲ್ಲ ಇರುವುದು 1975ರ ‘ದೀವಾರ್’ನ ಒಂದು ದೃಶ್ಯದಲ್ಲಿ. ಪೊಲೀಸ್ ಅಧಿಕಾರಿಯಾದ ಶಶಿ ಕಪೂರ್ ಓಡಿಹೋಗುತ್ತಿದ್ದ ಹುಡುಗನೊಬ್ಬನಿಗೆ ಗುಂಡು ಹಾರಿಸುತ್ತಾನೆ. ಆಮೇಲೆ ನೋಡಿದರೆ ಹುಡುಗ ಕದ್ದದ್ದು ರೊಟ್ಟಿ. ತಪ್ಪಿತಸ್ಥ ಭಾವದಿಂದ ಊಟ ಹಿಡಿದುಕೊಂಡು ಅವನ ಮನೆಗೆ ಹೋದಾಗ ಹುಡುಗನ ತಾಯಿ ಅವನಿಗೆ ಶಾಪ ಹಾಕುತ್ತಾಳೆ. ತಂದೆಯಾದ ಹಂಗಲ್ ಹೆಂಡತಿಯನ್ನು ತಡೆದು, ಕಳ್ಳತನ ಒಂದು ರೂಪಾಯಿಯದಾದರೂ ಲಕ್ಷದ್ದಾದರೂ ಕಳ್ಳತನವೇ, ಹಸಿದವರೆಲ್ಲ ಕದಿಯಲು ಹೊರಟರೆ ಹೇಗೆ ಎಂಬರ್ಥದ ಮಾತು ಆಡುತ್ತಾರೆ. ಅವರು ನಿವೃತ್ತ ಶಿಕ್ಷಕರೆಂದು ಆಗ ತಿಳಿಯುತ್ತದೆ, ಮತ್ತು ಸ್ವಂತ ಅಣ್ಣನ ವಿರುದ್ಧ ತನಿಖೆ ಕೈಗೊಳ್ಳುವ ಧೈರ್ಯ ಶಶಿ ಕಪೂರ್ ಪಾತ್ರಕ್ಕೆ ಹುಟ್ಟುವುದು ಅಲ್ಲಿಂದಲೇ. ಬರೆದಿರುವ ಮಾತನ್ನಷ್ಟೇ ನೋಡಿದರೆ ಅದು ಶುದ್ಧ ನೀತಿಬೋಧೆ. ಸ್ವಲ್ಪ ಎತ್ತರಿಸಿ ಹೇಳಿದ್ದರೂ ಹುಸಿಯೆನಿಸುತ್ತಿತ್ತು. ಹಂಗಲ್ ಅದನ್ನು ಉಪದೇಶದಂತೆ ಹೇಳುವುದಿಲ್ಲ. ಮಗನ ನೋವು, ಮನೆಯ ಹಸಿವು, ತಾನು ಬದುಕಿಡೀ ಮಕ್ಕಳಿಗೆ ಕಲಿಸಿದ ಪಾಠ, ಈ ಮೂರನ್ನೂ ಒಟ್ಟಿಗೆ ಹೊತ್ತು ಬಳಲಿದ ದನಿ ಅದು. ಇಡೀ ಕಥೆ ತಿರುಗುವ ಕೀಲು ಎರಡೇ ನಿಮಿಷ ಕಾಣಿಸಿಕೊಳ್ಳುವ ನಟನ ಕೈಯಲ್ಲಿದೆ. ಪೋಷಕ ನಟನೆಂದರೆ ಯಾರು ಎಂದು ಕೇಳುವವರಿಗೆ ನಾನು ಈ ದೃಶ್ಯವನ್ನೇ ತೋರಿಸುತ್ತೇನೆ.

ಅದೇ ವರ್ಷ ‘ಆಂಧಿ’ಯಲ್ಲಿ ಬೃಂದಾ ಕಾಕಾ, ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯಲ್ಲಿ ಇಮಾಮ್ ಸಾಹೇಬರು. ಕರ್ನಾಟಕದ ಮೊದಲ ನಂಟು ಇದು: ನಿರ್ದೇಶಕ ರಮೇಶ್ ಸಿಪ್ಪಿಯವರು ಕಟ್ಟಿಸಿದ, ಚಿತ್ರದ ಹಳ್ಳಿ ರಾಮಗಢ ಇದ್ದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ನೀವು ಹೇಳಿದ ‘ಇತನಾ ಸನ್ನಾಟಾ’ ಮಾತು ಇಂದು ತಮಾಷೆಯ ಚಿತ್ರಗಳ ಅಡಿಬರಹವಾಗಿ ಫೋನಿನಿಂದ ಫೋನಿಗೆ ಹರಿದಾಡುತ್ತದೆ. ನನಗೆ ಅದನ್ನು ಕಂಡಾಗಲೆಲ್ಲ ಬೇಸರವಾಗುತ್ತದೆ. ಬೀಡಿ ಕಾರ್ಖಾನೆಯ ಕೆಲಸಕ್ಕೆಂದು ಹೊರಟ ಒಬ್ಬನೇ ಮಗನ ಹೆಣ ಕುದುರೆಯ ಮೇಲೆ ಊರಿಗೆ ವಾಪಸ್ ಬಂದಿದೆ, ಸುತ್ತ ನಿಂತ ಊರಿನವರಿಗೆ ಬಾಯಿ ಬರುತ್ತಿಲ್ಲ, ಕಣ್ಣಿಲ್ಲದ ತಂದೆ ಆ ಗುಂಪಿನ ನಡುವೆ ಬಂದು ಸಹಜವಾದ ಕುತೂಹಲದಿಂದ ಈ ಪ್ರಶ್ನೆ ಕೇಳುತ್ತಾನೆ. ಹಂಗಲ್ ಅವರ ಜಾಣ್ಮೆ ಇರುವುದು ಈ ಸಹಜತೆಯಲ್ಲಿ. ಮುಂದೆ ಬರುವ ದುಃಖದ ನೆರಳನ್ನು ಅವರು ಆ ಮಾತಿನ ಮೇಲೆ ಬೀಳಗೊಡುವುದಿಲ್ಲ. ನೋಡುಗನಿಗೆ ಗೊತ್ತಿರುವುದು ಪಾತ್ರಕ್ಕೆ ಗೊತ್ತಿಲ್ಲ ಎಂಬುದನ್ನು ಕಡೆಯವರೆಗೂ ಕಾಯ್ದುಕೊಳ್ಳುತ್ತಾರೆ. ಅನುಭವಿ ನಟರೂ ಎಡವುವ ಜಾಗ ಇದು. ಆನಂತರ, ಭಯಗೊಂಡ ಹಳ್ಳಿಗರು ನಾಯಕರಾದ ಜಯ್ ಮತ್ತು ವೀರೂರನ್ನು ಡಕಾಯಿತ ಗಬ್ಬರ್‌ಗೆ ಒಪ್ಪಿಸೋಣ ಎಂದಾಗ, ಮಗನ ಹೆಣಕ್ಕೆ ಹೆಗಲು ಕೊಡುವುದಕ್ಕಿಂತ ದೊಡ್ಡ ಭಾರ ತಂದೆಗೆ ಇಲ್ಲ, ಅದನ್ನು ನಾನು ಹೊರಬಲ್ಲೆ, ನೀವು ಒಂದು ಕಷ್ಟ ಹೊರಲಾರಿರಾ ಎಂದು ಕೇಳುವವನೂ ಆ ಮುದುಕನೇ. ಆ ದೃಶ್ಯವನ್ನು ಪೂರ್ತಿಯಾಗಿ ಮತ್ತೊಮ್ಮೆ ನೋಡಿ ಎಂದು ನಿಮ್ಮಲ್ಲಿ ವಿನಂತಿ.

ಅವರ ಬದುಕಿನ ಕಹಿ ಅಧ್ಯಾಯ ಬಂದದ್ದು 1990ರ ದಶಕದ ಆರಂಭದಲ್ಲಿ. ಹುಟ್ಟೂರನ್ನು ನೋಡಲು ವೀಸಾ ಕೇಳಿದ್ದ ಅವರು ಪಾಕಿಸ್ತಾನದ ದೂತಾವಾಸದ ರಾಷ್ಟ್ರೀಯ ದಿನಾಚರಣೆಗೆ ಹೋದರು ಎಂಬ ಕಾರಣಕ್ಕೆ ಹಂಗಲ್ ಅವರ ಚಿತ್ರಗಳಿಗೆ ಶಿವಸೇನೆಯ ಬಾಳ್ ಠಾಕ್ರೆ ಬಹಿಷ್ಕಾರದ ಕರೆ ಕೊಟ್ಟರು. ಅವಕಾಶಗಳು ನಿಂತುಹೋದವು, ಒಪ್ಪಿಕೊಂಡಿದ್ದ ಪಾತ್ರಗಳೂ ಕೈತಪ್ಪಿದವು. ಆಗ ಅವರಿಗೆ ಎಂಬತ್ತರ ಹತ್ತಿರ. ಸ್ವಾತಂತ್ರ್ಯಕ್ಕಾಗಿ ದುಡಿದ ಮನುಷ್ಯನನ್ನು ಈ ಪರಿ ನಡೆಸಿಕೊಂಡದ್ದು ಅನ್ಯಾಯ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಅವರು ಮತ್ತೆ ಬಂದರು. 2001ರ ‘ಲಗಾನ್’ನಲ್ಲಿ ಶಂಭು ಕಾಕಾ ಆದರು, 2006ರಲ್ಲಿ ಪದ್ಮಭೂಷಣ ಬಂತು. ಆದರೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದವರಿಗೆ 2011ರ ಹೊತ್ತಿಗೆ ಔಷಧದ ಖರ್ಚಿಗೂ ಕಷ್ಟವಾಗಿತ್ತು ಎಂಬ ವರದಿಗಳು ಬಂದವು, ಚಿತ್ರರಂಗದ ಕೆಲವರು ನೆರವಿಗೆ ನಿಂತರು. ಪೋಷಕ ನಟರ ಸಂಭಾವನೆ ದಿನಗೂಲಿಯ ಲೆಕ್ಕದಲ್ಲೇ ಉಳಿಯುವ ಉದ್ಯಮದಲ್ಲಿ ಇದು ಅವರೊಬ್ಬರ ಕಥೆಯಲ್ಲ. ನಮ್ಮ ಗಾಂಧಿನಗರದಲ್ಲೂ ಇಂಥ ಸುದ್ದಿಗಳನ್ನು ಓದಿದ್ದೇವೆ. 2012ರಲ್ಲಿ ‘ಮಧುಬಾಲಾ’ ಧಾರಾವಾಹಿಗಾಗಿ ಗಾಲಿಕುರ್ಚಿಯಲ್ಲಿ ಬಂದು ಕ್ಯಾಮೆರಾ ಎದುರಿಸಿದರು. ಆ ವರ್ಷದ ಆಗಸ್ಟ್‌ನಲ್ಲಿ ಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು, 26ರಂದು ತೀರಿಕೊಂಡರು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಮೊದಲು ‘ಗರ್ಮ್ ಹವಾ’ ನೋಡಿ. ಕರ್ನಾಟಕದ ಎರಡನೆಯ ನಂಟು ಇದೇ: ನಿರ್ದೇಶಕ ಎಂ.ಎಸ್. ಸತ್ಯು ಅವರು ಮೈಸೂರಿನವರು, ಹಂಗಲ್ ಅವರಂತೆಯೇ ಇಪ್ಟಾದವರು. ವಿಭಜನೆಯ ನಂತರವೂ ಆಗ್ರಾ ಬಿಟ್ಟು ಹೋಗಲೊಲ್ಲದ ಪಾದರಕ್ಷೆ ತಯಾರಕ ಸಲೀಂ ಮಿರ್ಜಾ ಆಗಿ ಬಲರಾಜ್ ಸಾಹ್ನಿ ನಟಿಸಿದ್ದಾರೆ. ಮಿರ್ಜಾ ಕುಟುಂಬದ ಹವೇಲಿ ಸರ್ಕಾರದ ವಶವಾಗಿ, ಸಿಂಧ್‌ನಿಂದ ಬಂದ ವ್ಯಾಪಾರಿ ಅಜ್ಮಾನಿಯ ಪಾಲಾಗುತ್ತದೆ. ಆ ಅಜ್ಮಾನಿಯೇ ಹಂಗಲ್. ಕಥೆಯ ಲೆಕ್ಕದಲ್ಲಿ ಆತ ಮನೆ ಕಿತ್ತುಕೊಂಡವನು. ಆದರೆ ಹಂಗಲ್ ಅವನನ್ನು ತಾನೂ ಮನೆ ಕಳೆದುಕೊಂಡು ಬಂದವನಾಗಿ ಆಡುತ್ತಾರೆ, ಮಿರ್ಜಾರ ಎದುರು ಅವನ ಸೌಜನ್ಯದಲ್ಲಿ ಸದಾ ಒಂದು ಮುಜುಗರ ಇಣುಕುತ್ತಿರುತ್ತದೆ. ಕರಾಚಿಯ ಸೆರೆಮನೆಯಿಂದ ಹೊರಬಂದು ಮುಂಬೈ ಸೇರಿದ ದರ್ಜಿಯೇ ಈ ಪಾತ್ರ ಮಾಡುತ್ತಿದ್ದಾರೆ ಎಂಬುದು ತಿಳಿದಿದ್ದರೆ ಅವರ ಒಂದೊಂದು ನೋಟವೂ ಬೇರೆಯಾಗಿ ಕಾಣುತ್ತದೆ. ಅದಾದ ಮೇಲೆ ‘ದೀವಾರ್’ನ ಆ ದೃಶ್ಯ, ನಂತರ ‘ನಮಕ್ ಹರಾಮ್’ ಮತ್ತು ‘ಶೌಕೀನ್’ ನೋಡಿ.