ಗುಲಾಮರಾಗಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್ ದಕ್ಷಿಣ ಕ್ಯಾರೊಲಿನಾದ ಶಾಸಕರಾದದ್ದು ಹೇಗೆ?

ಅಮೆರಿಕದ ಅಂತರ್ಯುದ್ಧದಲ್ಲಿ ಗಳಿಸಿದ ಹೆಸರು ಮತ್ತು ಸೋತ ದಕ್ಷಿಣದ ರಾಜ್ಯಗಳನ್ನು ಮರುಸಂಘಟಿಸಲು ತಂದ 1867ರ ಪುನರ್ನಿರ್ಮಾಣ ಕಾಯ್ದೆಗಳಿಂದ ದಕ್ಷಿಣದ ಕಪ್ಪುವರ್ಣೀಯ ಪುರುಷರಿಗೆ ದೊರೆತ ಮತದ ಹಕ್ಕು, ಇವೆರಡೂ ಕೂಡಿ ಅವರನ್ನು ಶಾಸನಸಭೆಗೆ ತಂದವು. 1862ರ ಮೇ 13ರ ನಸುಕಿನಲ್ಲಿ ಅವರು ಕಪ್ತಾನನ ಹುಲ್ಲುಟೋಪಿ ಧರಿಸಿ, ದಕ್ಷಿಣದ ಸೇನೆಯ ಕಾವಲಿದ್ದ ಸಮ್ಟರ್ ಕೋಟೆಯನ್ನು ಹಾಯುವಾಗ ವಾಡಿಕೆಯ ಸೀಟಿ ಊದಿ, ಅದೇ ಸೇನೆಯ ‘ಪ್ಲಾಂಟರ್’ ಹಡಗನ್ನು ಕುಟುಂಬದೊಡನೆ ಚಾರ್ಲ್ಸ್‌ಟನ್ ಬಂದರಿನಿಂದ ಪಾರುಮಾಡಿ ಉತ್ತರದ ನೌಕಾಪಡೆಗೆ ಒಪ್ಪಿಸಿದರು. ಯುದ್ಧ ಮುಗಿಯುವವರೆಗೆ ಆ ಪಕ್ಷಕ್ಕಾಗಿಯೇ ಹಡಗು ನಡೆಸಿದರು. ಹುಟ್ಟೂರಾದ ಬ್ಯೂಫರ್ಟ್ ಪ್ರದೇಶದಲ್ಲಿ ಆಗ ಕಪ್ಪುವರ್ಣೀಯರೇ ಬಹುಸಂಖ್ಯಾತರಾಗಿದ್ದರು. ಹೀಗಾಗಿ 1868ರಲ್ಲಿ ರಾಜ್ಯದ ಕೆಳಮನೆಗೆ, 1870ರಲ್ಲಿ ಮೇಲ್ಮನೆಗೆ, ಬಳಿಕ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೂ ಆಯ್ಕೆಯಾದರು. ಆದರೆ ಆ ಹಡಗಿನ ಸಾಹಸಕ್ಕಿಂತ ಹಿರಿದೆಂದು ನಾನು ಭಾವಿಸುವುದು, 1868ರ ರಾಜ್ಯ ಸಂವಿಧಾನ ಸಭೆಯಲ್ಲಿ ಎಲ್ಲ ಮಕ್ಕಳಿಗೂ ಉಚಿತ ಸಾರ್ವಜನಿಕ ಶಾಲೆ ಬೇಕೆಂದು ಅವರು ಮಾಡಿದ ಪ್ರಯತ್ನವನ್ನು.