ನೀಟ್‌ಗೆ ಮೂರೇ ತಿಂಗಳಿವೆ, ಜೀವಶಾಸ್ತ್ರ ಮಾತ್ರ ಗಟ್ಟಿ ಮಾಡಿಕೊಂಡರೆ ಸಾಕೇ?

720ರಲ್ಲಿ 360 ಅಂಕ ಜೀವಶಾಸ್ತ್ರಕ್ಕೇ ಇರುವಾಗ ಅದನ್ನು ಬಾಯಿಪಾಠ ಮಾಡಿ, ಉಳಿದೆರಡನ್ನು, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರವನ್ನು, ಮೇಲೆ ಮೇಲೆ ನೋಡಿಕೊಂಡರಾಯಿತು ಎಂಬ ನಿಮ್ಮ ಲೆಕ್ಕವನ್ನೇ ನಾನೂ ಹಾಕಿದ್ದೆ. ಒಂದು ವರ್ಷ ಕಳೆದುಕೊಂಡೆ.

ಹತ್ತನೆಯ ತರಗತಿಯವರೆಗೆ ನನ್ನದು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಎಲ್ಲವೂ ಇಂಗ್ಲಿಷಿಗೆ ತಿರುಗಿತು. ಅರ್ಥವಾಗದ್ದನ್ನು ಕೇಳಲು ನಾಚಿಕೆಯಾಗಿ ಉರು ಹೊಡೆಯತೊಡಗಿದೆ. ಉಸಿರಾಟದ ಅಧ್ಯಾಯದಲ್ಲಿ ಅನಿಲಗಳ ಆಂಶಿಕ ಒತ್ತಡದ ಕೋಷ್ಟಕವೊಂದಿದೆ. ಆಮ್ಲಜನಕ ಹೊರಗಿನ ಗಾಳಿಯಲ್ಲಿ 159, ಶ್ವಾಸಕೋಶದ ಗಾಳಿಗೂಡಿನಲ್ಲಿ 104, ಅಲ್ಲಿಗೆ ಬರುವ ರಕ್ತದಲ್ಲಿ 40. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಆಂಶಿಕ ಒತ್ತಡ ಎಂದರೇನೆಂದು ಗೊತ್ತಿರಲಿಲ್ಲ. ಗಾಳಿಯಲ್ಲಿ ಆಮ್ಲಜನಕ ಶೇಕಡ ಎಷ್ಟಿದೆ ಎಂಬುದಕ್ಕೇ ಅದು ಇನ್ನೊಂದು ಹೆಸರು ಎಂದುಕೊಂಡಿದ್ದೆ.

ನಾನು ಮುಗ್ಗರಿಸಿದ್ದು ಇಲ್ಲೇ ಆದ್ದರಿಂದ ಬಿಡಿಸಿ ಹೇಳುತ್ತೇನೆ. ಸಮುದ್ರಮಟ್ಟದಲ್ಲಿ ಗಾಳಿಯ ಒಟ್ಟು ಒತ್ತಡ 760 ಮಿಲಿಮೀಟರ್ ಪಾದರಸ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 21. ಗುಣಿಸಿ ನೋಡಿ, ಹೆಚ್ಚುಕಡಿಮೆ 159 ಬರುತ್ತದೆ! ಒಟ್ಟು ಒತ್ತಡದಲ್ಲಿ ಒಂದು ಅನಿಲದ ಪಾಲಿಗೆ ಬರುವ ಒತ್ತಡವೇ ಆಂಶಿಕ ಒತ್ತಡ. ರಸಾಯನಶಾಸ್ತ್ರದ ಡಾಲ್ಟನ್ ನಿಯಮ ಅದು. ಎತ್ತರದ ಪರ್ವತದ ಮೇಲೂ ಆಮ್ಲಜನಕ ಶೇಕಡ 21ರಷ್ಟೇ ಇರುತ್ತದೆ. ಒಟ್ಟು ಒತ್ತಡ ಕುಸಿಯುವುದರಿಂದ ಅದರ ಪಾಲಿನ ಒತ್ತಡವೂ ಕುಸಿಯುತ್ತದೆ, ಏದುಸಿರು ಬರುತ್ತದೆ. ಮಾದರಿ ಪರೀಕ್ಷೆಯಲ್ಲಿ ನಾನು 'ಶೇಕಡಾವಾರು ಇಳಿಯುತ್ತದೆ' ಎಂದು ಗುರುತಿಸಿದೆ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 45, ಗಾಳಿಗೂಡಿನಲ್ಲಿ 40. ಬರೀ ಐದರ ಅಂತರದಲ್ಲಿ ಅದು ಹೊರಬೀಳುವುದು ಹೇಗೆಂಬುದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆಮ್ಲಜನಕಕ್ಕಿಂತ ಅದು 20–25 ಪಟ್ಟು ಹೆಚ್ಚು ಕರಗುತ್ತದೆ ಎಂಬ ಸಾಲನ್ನೂ ಉರು ಹೊಡೆದಿದ್ದೆ, ಎರಡನ್ನು ಜೋಡಿಸಿ ನೋಡಿರಲಿಲ್ಲ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ನಾಲ್ಕು ಅಂಕ ಕೈತಪ್ಪುವುದರ ಜೊತೆಗೆ ಒಂದು ಅಂಕ ಕಳೆಯುತ್ತಾರೆ. ನನ್ನ ಸೀಟು ಹೋದದ್ದು ಹೀಗೆಯೇ, ನನ್ನದೇ ಎಂದು ನಂಬಿದ್ದ ವಿಷಯದಲ್ಲಿ.

ಆದ್ದರಿಂದ 'ಜೀವಶಾಸ್ತ್ರ ಮಾತ್ರ' ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಸಸ್ಯದ ಬೇರು ನೀರು ಹೀರುವುದನ್ನು ಓದಲು ಅಭಿಸರಣೆ (ತೆಳುಪೊರೆಯ ಮೂಲಕ ನೀರು ಹಾಯುವುದು) ಗೊತ್ತಿರಬೇಕು, ನರದ ಸಂದೇಶ ಓದಲು ವಿದ್ಯುದಂಶ ಹೊತ್ತ ಅಯಾನು, ವಿದ್ಯುತ್ ವಿಭವ ಗೊತ್ತಿರಬೇಕು.

ಹೊಸ ಗೈಡ್ ಕೊಳ್ಳಬೇಡಿ. ಮೊದಲ ಹದಿನೈದು ದಿನ ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಹಿಡಿಯಿರಿ, ಕನ್ನಡದಲ್ಲಿಯೇ. ಕಾಲಹರಣ ಎಂದು ಜೊತೆಯವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎರಡನೆಯ ಸಲ ನಾನು ಶುರು ಮಾಡಿದ್ದು ತಂಗಿಯ ಒಂಬತ್ತನೆಯ ತರಗತಿಯ ಪುಸ್ತಕದಿಂದ. ಮೋಲ್ ಎಂಬುದು ಡಜನ್‌ನಂತೆ ಒಂದು ಎಣಿಕೆ ಎಂದು ಅಲ್ಲಿ ತಿಳಿದ ದಿನ ಎರಡು ವರ್ಷದ ಭಯ ಇಳಿಯಿತು. ಈಗ ಎಂ.ಬಿ.ಬಿ.ಎಸ್. ಓದುತ್ತಿದ್ದೇನೆ.

ಇವತ್ತೇ ಒಂದು ಕೆಲಸ ಮಾಡಿ. ಹೊರಗಿನ 159 ಗಾಳಿಗೂಡಿಗೆ ಬರುವಷ್ಟರಲ್ಲಿ 104 ಆಗುವುದೇಕೆಂದು ಪುಸ್ತಕ ತೆರೆಯದೆ ಬರೆಯಿರಿ. ಒಳಗೆ ನೀರಾವಿಯೂ ಇದೆ, ಹಿಂದಿನ ಉಸಿರಿನಲ್ಲಿ ಉಳಿದ ಗಾಳಿಯೂ ಇದೆ ಎಂಬ ಸುಳಿವು ಸಾಕು. ಬರೆದದ್ದನ್ನು ಇಲ್ಲಿ ಹಾಕಿ, ನಾನು ನೋಡುತ್ತೇನೆ.