ಗದ್ದದ ಮಾತು ಆಮೇಲೆ, ಗೊರಕೆಯ ಮಾತು ಮೊದಲು

ನಿಮಗೆ ಐದನೇ ವಯಸ್ಸಿನಲ್ಲಿ ಕಿವಿ ಸೋರಿ, ಸೋಂಕು ದವಡೆ ಕೀಲಿಗೆ ಇಳಿದು, ಎರಡೂ ಕಡೆ ಮೂಳೆ ಬೆಸೆದುಕೊಂಡಿದೆ. ಬಾಯಿ ತೆರೆಯುವುದು 4 ಮಿ.ಮೀ. ಕೆಳದವಡೆ ಬೆಳೆಯದೆ ಗದ್ದ ಒಳಗೆ ಸರಿದಿದೆ. ಈಗ ಗಂಡು ನಿಶ್ಚಯವಾಗಿದೆ. ‘ಮದುವೆಗೆ ಮೊದಲು ಸಿಲಿಕಾನ್ ಗದ್ದ ಕೂಡಿಸೋಣ, ಬಾಯಿ ಆಮೇಲೆ ನೋಡೋಣ’ ಎನ್ನುತ್ತಾರೆ ನಿಮ್ಮ ಸೋದರತ್ತೆ. ಒಪ್ಪಲೇ ಎಂದು ಕೇಳಿದ್ದೀರಿ.

ಪತ್ರದ ತುದಿಯಲ್ಲಿ, ಹೋಗಲಿ ಬಿಡಿ ಎಂಬಂತೆ, ಒಂದು ಸಾಲಿದೆ: ‘ಗೊರಕೆ ಜಾಸ್ತಿ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿಯೇ ನಿದ್ದೆ.’ ಅಲ್ರೀ, ಇದನ್ನಲ್ಲವೇ ಮೊದಲು ಬರೆಯಬೇಕಾದದ್ದು! ದವಡೆ ಗಿಡ್ಡವಾದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಸಿಲಿಕಾನ್ ತುಂಡು ಚರ್ಮವನ್ನು ಮುಂದೆ ತಂದೀತು, ನಾಲಿಗೆಯನ್ನಲ್ಲ. ಮೇಲಾಗಿ, ಬಾಯಿ ತೆರೆಯದವರಿಗೆ ಪ್ರಜ್ಞೆ ತಪ್ಪಿಸುವ ಮದ್ದೇ ಅಪಾಯ. ಎಚ್ಚರವಿರುವಾಗಲೇ ಮೂಗಿನಿಂದ ಫೈಬರ್ ಆಪ್ಟಿಕ್ ದುರ್ಬೀನಿನ ಸಹಾಯದಲ್ಲಿ ಉಸಿರಾಟದ ಕೊಳವೆ ಇಳಿಸಬಲ್ಲ ಅರಿವಳಿಕೆ ತಜ್ಞರು ಬೇಕು. ಸೌಂದರ್ಯದ ಕ್ಲಿನಿಕ್ಕಿನಲ್ಲಿ ಅವರೆಲ್ಲಿ?

ಅನುಕ್ರಮವೂ ಮುಖ್ಯ. ಉಸಿರು ಕಟ್ಟುವವರಿಗೆ ಕೀಲನ್ನೇ ಮೊದಲು ಬಿಡಿಸಿದರೆ ದವಡೆ ಇನ್ನಷ್ಟು ಹಿಂದೆ ಬೀಳಬಹುದು. ಅದಕ್ಕೇ ಹಲವು ತಜ್ಞರು ಮೊದಲು ದವಡೆ ಉದ್ದ ಮಾಡುತ್ತಾರೆ: ಮೂಳೆ ಕತ್ತರಿಸಿ, ಎರಡು ತುಂಡುಗಳನ್ನು ಮೆಲ್ಲಗೆ ದೂರ ಸರಿಸುವ ಡಿಸ್ಟ್ರಾಕ್ಟರ್ ಎಂಬ ತಿರುಪಿನ ಸಾಧನ ಕೂಡಿಸಿ, 5-7 ದಿನ ಬಿಟ್ಟು, ದಿನಕ್ಕೆ 1 ಮಿ.ಮೀ.ನಂತೆ ತಿರುಪು ತಿರುಗಿಸುವುದು. ಹೊಸ ಮೂಳೆ ಗಟ್ಟಿಯಾಗಲು ಎರಡು-ಮೂರು ತಿಂಗಳು. ಆಮೇಲೆ ಕೀಲಿನಲ್ಲಿ ಬೆಸೆದ ಮೂಳೆಗಡ್ಡೆ ತೆಗೆದು, ನಡುವೆ ಕಪಾಲದ ಪಕ್ಕದ ಸ್ನಾಯುಪೊರೆ ಇಡುತ್ತಾರೆ. ಆಪರೇಷನ್ ಟೇಬಲ್ ಮೇಲೇ ಬಾಯಿ 35 ಮಿ.ಮೀ. ತೆರೆಯಬೇಕು.

ಕೆಡುವುದು ಇದರ ನಂತರ. ಐಸ್‌ಕ್ರೀಮ್ ಕಡ್ಡಿಗಳನ್ನು ಪೇರಿಸಿ ಹಲ್ಲುಗಳ ನಡುವೆ ತೂರಿಸಿ, ದಿನಕ್ಕೆ ನಾಲ್ಕೈದು ಸಲ ಬಾಯಿ ಅಗಲಿಸಬೇಕು, ಕನಿಷ್ಠ ಆರು ತಿಂಗಳು. ನೋವೆಂದು ನಿಲ್ಲಿಸಿದವರಿಗೆ ಮೂಳೆ ಮತ್ತೆ ಬೆಸೆಯುತ್ತದೆ. ಲಗ್ನಪತ್ರಿಕೆ ಹಂಚುವ ಗಡಿಬಿಡಿಯಲ್ಲಿ ಕಡ್ಡಿ ಹಿಡಿದು ಕೂರುವವರು ಯಾರು? ಮುಹೂರ್ತ ನೋಡಿ ಆಪರೇಷನ್ ದಿನ ಇಡಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಅತ್ತೆಯಂದಿರಿಗೆ ಕೇಳಿಸುವುದಿಲ್ಲ. ನಿಮ್ಮ ಅಮ್ಮ ಸುಮ್ಮನಿದ್ದದ್ದೂ ತಪ್ಪೇ, ಆದರೆ ಸಿಟ್ಟು ಬರುವುದು ಅತ್ತೆಯ ಮೇಲೆ.

ಹುಡುಗನಿಗೆ ಎಲ್ಲ ಹೇಳಿ, ಗೊರಕೆ ಸಮೇತ. ಮದುವೆ ಮುಂದೆ ಹೋಗಲಿ.

ನೀವು ಮಾಡಬೇಕಾದದ್ದು ಒಂದೇ: ಈ ವಾರವೇ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೋ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೋ ಹೋಗಿ, ಬಾಯಿ-ದವಡೆ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ‘ಮೊದಲು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಬರೆದುಕೊಡಿ’ ಎಂದು ಕೇಳಿ. ಕ್ಲಿನಿಕ್ಕಿಗೆ ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ತನ್ನಿ.